ಮೊದಲ ಪಾಳಿ ಬಿಟ್ಟುಕೊಟ್ಟರೆ ನಷ್ಟವೇ?

ಓದುಗರ ಪ್ರಶ್ನೆ, ಮಾಸ್ತರ ಉತ್ತರ

ಈ ಸಲದ ಪತ್ರಗಳಲ್ಲಿ ಅಮೆರಿಕನ್ ಫುಟ್‌ಬಾಲಿನ ಡ್ರಾಫ್ಟ್ ಮಾತೇ ಜಾಸ್ತಿ. ನನಗೆ ಖುಷಿಯಾಯಿತು. ಧಾರವಾಡದ ಶಾಲೆಯಲ್ಲಿ ಮಕ್ಕಳಿಗೆ ಖೋ ಖೋ, ಕಬಡ್ಡಿ ಕಲಿಸಿಕೊಂಡು ಬಂದವನು ನಾನು. ತಂಡ ಕಟ್ಟುವ ಕೆಲಸ ಯಾವ ದೇಶದ್ದಾದರೂ ಓದದೆ ಬಿಡಲು ಮನಸ್ಸು ಬರುವುದಿಲ್ಲ.

ಪ್ರಶ್ನೆ: ನನ್ನ ಮಗ ಚಿಕಾಗೋದಲ್ಲಿದ್ದಾನೆ. ಫೋನ್ ಮಾಡಿದಾಗೆಲ್ಲ ಅಲ್ಲಿನ ಬೇರ್ಸ್ ತಂಡದ ಸುದ್ದಿ. 2017ರಲ್ಲಿ ಒಂದೇ ಒಂದು ಸ್ಥಾನ ಮೇಲೆ ಹೋಗಲು ತಂಡ ದುಡುಕಿತು ಎಂದು ಈಗಲೂ ಸಿಟ್ಟಾಗುತ್ತಾನೆ. ಏನಿದು ವ್ಯವಹಾರ? ಹಿಂದೆ ಸರಿದವರಿಗೆ ಏನು ಸಿಕ್ಕಿತು?
(ಒಬ್ಬ ತಾಯಿ, ಸಪ್ತಾಪುರ, ಧಾರವಾಡ)

ಉತ್ತರ: ಅಕ್ಕಾವ್ರೇ, ನಿಮ್ಮ ಮಗನ ಸಿಟ್ಟಿಗೆ ಕಾರಣ ಇದೆ. ಮೊದಲು ಪದ್ಧತಿ ಹೇಳಿಬಿಡುತ್ತೇನೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳು. ಕಾಲೇಜಿನಲ್ಲಿ ಆಡಿ ಬಂದ ಹುಡುಗರನ್ನು ಅವು ವರ್ಷಕ್ಕೊಮ್ಮೆ ಪಾಳಿ ಪ್ರಕಾರ ಆರಿಸಿಕೊಳ್ಳುತ್ತವೆ, ಇದೇ ಡ್ರಾಫ್ಟ್. ಐಪಿಎಲ್ ತರಹ ಹರಾಜು ಇಲ್ಲ. ಹಿಂದಿನ ಸೀಸನ್‌ನಲ್ಲಿ ತೀರಾ ಕೆಳಗಿದ್ದ ತಂಡಕ್ಕೆ ಮೊದಲ ಪಾಳಿ, ಚಾಂಪಿಯನ್ ತಂಡಕ್ಕೆ ಕಡೆಯದು. ಹೀಗೆ ಏಳು ಸುತ್ತು, ಪಾಳಿಗಳ ಎಣಿಕೆ ಮಾತ್ರ ಮೊದಲಿನಿಂದ ಕಡೆಯವರೆಗೆ ಒಂದೇ ಸಾಲು. ಈ ಪಾಳಿಗಳನ್ನು ತಂಡಗಳು ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಹುದು. ಮುಂದಿನ ವರ್ಷದ ಪಾಳಿಯನ್ನೂ ಈಗಲೇ ಕೊಡಬಹುದು.

2017ರಲ್ಲಿ ಎರಡನೇ ಪಾಳಿ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ಕೈಯಲ್ಲಿತ್ತು, ಮೂರನೆಯದು ಬೇರ್ಸ್ ಕೈಯಲ್ಲಿ. ಬೇರ್ಸ್‌ಗೆ ಮಿಚ್ ಟ್ರುಬಿಸ್ಕಿ ಎಂಬ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಕ್ವಾರ್ಟರ್‌ಬ್ಯಾಕ್ ಅಂದರೆ ದಾಳಿಯ ಪ್ರತಿ ಆಟವೂ ಯಾರ ಕೈಯಿಂದ ಶುರುವಾಗುತ್ತದೋ ಅವನು. ಬೇರೆ ಯಾರಾದರೂ ಹಾರಿಸಿಕೊಂಡು ಹೋದಾರು ಎಂಬ ಭಯ. ಒಂದು ಸ್ಥಾನ ಮೇಲೆ ಹೋಗಲು ಅವರು ಮೂರನೇ ಪಾಳಿ ಕೊಟ್ಟರು, ಜೊತೆಗೆ 67ನೆಯದು, 111ನೆಯದು, ಸಾಲದ್ದಕ್ಕೆ 2018ರ ಮೂರನೇ ಸುತ್ತಿನ ಪಾಳಿಯನ್ನೂ ಕೊಟ್ಟರು.

ಟ್ರುಬಿಸ್ಕಿ ಚಿಕಾಗೋದಲ್ಲಿ ನಾಲ್ಕು ಸೀಸನ್ ಆಡಿ ಹೊರಟ. ಅದೇ ಡ್ರಾಫ್ಟ್‌ನಲ್ಲಿ ಹತ್ತನೆಯವನಾಗಿ ಹೋದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್, ಮುಂದೆ ಲೀಗಿನ ಬಹು ದೊಡ್ಡ ಆಟಗಾರನಾದವನು. ಮಗನ ಸಿಟ್ಟು ಇದೇ ಇರಬೇಕು.

ಇನ್ನು ಹಿಂದೆ ಸರಿದವರ ಕಥೆ. ಅದೂ ನೇರ ಇಲ್ಲ. ಮೂರನೇ ಪಾಳಿಯಲ್ಲಿ ಫಾರ್ಟಿನೈನರ್ಸ್ ತೆಗೆದುಕೊಂಡ ಸಾಲೊಮನ್ ಥಾಮಸ್ ಅಂದುಕೊಂಡಷ್ಟು ದೊಡ್ಡ ಆಟಗಾರನಾಗಲಿಲ್ಲ. 67ನೇ ಪಾಳಿಯನ್ನು ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ದಾಟಿಸಿದರು. ಸೇಂಟ್ಸ್ ಅದರಲ್ಲಿ ಆಲ್ವಿನ್ ಕಮಾರಾ ಎಂಬ ಅದ್ಭುತ ಓಟಗಾರನನ್ನು ಪಡೆದರು. ಕಡೆಗೆ ಉಳಿದಿದ್ದು ವರ್ಷ ಕಾದು ಕೈಗೆ ಬಂದ ಆ ಮೂರನೇ ಸುತ್ತಿನ ಪಾಳಿ. ಅದು 2018ರ 70ನೇ ಪಾಳಿಯಾಯಿತು. ಅದರಲ್ಲಿ ಬಂದವನು ಫ್ರೆಡ್ ವಾರ್ನರ್. ರಕ್ಷಣೆಯ ನಡುವಿನಲ್ಲಿ ನಿಲ್ಲುವ ಲೈನ್‌ಬ್ಯಾಕರ್ ಅವನು. ಮುಂದೆ ಲೀಗಿನ ಅತ್ಯುತ್ತಮ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬನಾದ, ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಯಾದ ಆಲ್-ಪ್ರೊ ತಂಡವನ್ನು ಹಲವು ಸಲ ಸೇರಿದ. ಇಡೀ ವ್ಯವಹಾರದಲ್ಲಿ ಎಲ್ಲರೂ ಚಿಲ್ಲರೆ ಎಂದುಕೊಂಡಿದ್ದ ಭಾಗದಲ್ಲೇ ಬಂಗಾರ ಇತ್ತು.

ಪ್ರಶ್ನೆ: ಸರ್, ಯಾವ ಪಾಳಿಗೆ ಎಷ್ಟು ಬೆಲೆ ಎಂದು ಹೇಗೆ ಗೊತ್ತು ಮಾಡುತ್ತಾರೆ? ಸುಮ್ನೆ ಚೌಕಾಶಿಯೋ, ಲೆಕ್ಕ ಏನಾದರೂ ಇದೆಯೋ?
(ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಲೆಕ್ಕ ಇದೆ ತಮ್ಮಾ. ಅದನ್ನು ಕಟ್ಟಿದ್ದು ನಿನ್ನಂಥ ಎಂಜಿನಿಯರೇ.

1989ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ 16 ಪಂದ್ಯಗಳಲ್ಲಿ ಗೆದ್ದಿದ್ದು ಒಂದೇ ಒಂದು. ಆ ಸೀಸನ್ ನಡುವೆಯೇ ಕೋಚ್ ಜಿಮ್ಮಿ ಜಾನ್ಸನ್ ತಂಡದ ಒಬ್ಬನೇ ದೊಡ್ಡ ಆಟಗಾರ ಹರ್ಷಲ್ ವಾಕರ್‌ನನ್ನು ಮಿನೆಸೋಟ ವೈಕಿಂಗ್ಸ್‌ಗೆ ಕೊಟ್ಟು, ಬದಲಿಗೆ ಆಟಗಾರರನ್ನೂ ರಾಶಿ ಪಾಳಿಗಳನ್ನೂ ಪಡೆದರು. ಅಷ್ಟು ಪಾಳಿ ಕೈಯಲ್ಲಿದ್ದಾಗ ದಿನಾ ಯಾರಾದರೂ ಫೋನ್ ಮಾಡುವವರೇ. ಪ್ರತಿ ಸಲ ಯೋಚಿಸುತ್ತ ಕೂರಲು ಆಗುತ್ತದೆಯೇ? ತಂಡದ ಪಾಲುದಾರ ಮೈಕ್ ಮೆಕಾಯ್ ಹಳೆಯ ವ್ಯವಹಾರಗಳನ್ನೆಲ್ಲ ನೋಡಿ 1991ರಲ್ಲಿ ಒಂದು ಪಟ್ಟಿ ಮಾಡಿಕೊಟ್ಟರು. ಮೊದಲ ಪಾಳಿಗೆ 3000 ಅಂಕ, ಎರಡಕ್ಕೆ 2600, ಮೂರಕ್ಕೆ 2200, ಹತ್ತಕ್ಕೆ 1300, 32ಕ್ಕೆ 590. 1992ರ ಸೀಸನ್‌ನಲ್ಲಿ ಇದೇ ಕೌಬಾಯ್ಸ್ ಚಾಂಪಿಯನ್. ಪಟ್ಟಿ ಬರಬರುತ್ತ ಎಲ್ಲ ತಂಡಗಳಿಗೂ ಹರಡಿತು.

ಈಗ ಮೇಲಿನ ಚಿಕಾಗೋ ವ್ಯವಹಾರವನ್ನೇ ಈ ಪಟ್ಟಿಗೆ ಹಚ್ಚಿ ನೋಡು. ಎರಡನೇ ಪಾಳಿಗೂ ಮೂರನೆಯದಕ್ಕೂ ಅಂತರ 400. ಬೇರ್ಸ್ ಕೊಟ್ಟ 67ನೇ ಪಾಳಿ 255, 111ನೆಯದು 72. ಕೂಡಿಸಿದರೆ 327. ಬಾಕಿ 73. ಮುಂದಿನ ವರ್ಷದ ಪಾಳಿಯನ್ನು ಒಂದು ಸುತ್ತು ಕೆಳಗೆ ಇಳಿಸಿ ಎಣಿಸುವುದು ಅಲ್ಲಿನ ರೂಢಿ. ಅಂದರೆ ಮೂರನೇ ಸುತ್ತಿನದು ನಾಲ್ಕನೇ ಸುತ್ತಿನ ಲೆಕ್ಕಕ್ಕೆ ಬಂತು, 73ರ ಗುಂಡಿ ತುಂಬಿತು. ಹಾಳೆಯ ಮೇಲೆ ಎರಡೂ ಕಡೆ ಸರಿಸುಮಾರು ಸಮ!

ಹಾಗಾದರೆ ತಪ್ಪು ಎಲ್ಲಿದೆ? ಪಟ್ಟಿಯಲ್ಲೇ ಇದೆ ಎಂದರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ಇಬ್ಬರು ಸಂಶೋಧಕರು. ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಇಬ್ಬರೂ ಸೇರಿ ಡ್ರಾಫ್ಟ್‌ಗಳ ಅಂಕಿಅಂಶ ಹಿಡಿದು ಕೂತರು. ಒಂದೇ ಸ್ಥಾನದಲ್ಲಿ ಆಡುವ ಹುಡುಗರಲ್ಲಿ ಮೊದಲು ಆಯ್ಕೆಯಾದವನು, ಅವನ ನಂತರ ಆಯ್ಕೆಯಾದವನಿಗಿಂತ ಚೆನ್ನಾಗಿ ಆಡಿದ್ದು ನೂರಕ್ಕೆ 52 ಸಲ ಮಾತ್ರ. ನಾಣ್ಯ ಚಿಮ್ಮಿದರೂ 50 ಬರುತ್ತದೆ. ಆ 52ಕ್ಕಾಗಿ ತಂಡಗಳು ಮುಂದಿನ ವರ್ಷದ ಪಾಳಿಗಳನ್ನೂ ಒತ್ತೆ ಇಡುತ್ತವೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಷ್ಟೇ. ಹಿಂದೆ ಸರಿಯುವವನು ಹೆದರಿದವನಲ್ಲ. ಯಾರು ಬೆಳೆಯುತ್ತಾರೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ನನಗೆ ಇನ್ನೆರಡು ಅವಕಾಶ ಇರಲಿ ಅನ್ನುವವನು.

ನಮ್ಮಲ್ಲಿ ಅಣ್ಣತಮ್ಮಂದಿರ ವಾಟ್ನಿ ಆಗುವಾಗ ಬಾವಿ ಇರುವ ಎರಿ ಹೊಲವನ್ನು ತಮ್ಮನಿಗೆ ಬಿಟ್ಟು, ಬದಲಿಗೆ ಮಸಾರಿಯಲ್ಲಿ ಎರಡೆಕರೆ ಜಾಸ್ತಿ ಕೇಳುವ ಅಣ್ಣ ಇರುತ್ತಾನಲ್ಲ, ಹಾಗೆಯೇ ಇದು. ಹೊಲದ ಮಣ್ಣನ್ನಾದರೂ ಕೈಯಲ್ಲಿ ಹಿಡಿದು ನೋಡಬಹುದು. ಇಪ್ಪತ್ತೊಂದು ವರ್ಷದ ಹುಡುಗ ಮುಂದೆ ಏನಾಗುತ್ತಾನೆಂದು ಹಾಗೆ ನೋಡಲು ಬರುವುದಿಲ್ಲ.

ನನಗೆ ತುಂಬ ಇಷ್ಟವಾದ ಉದಾಹರಣೆ 2018ರ ಇಂಡಿಯಾನಾಪೊಲಿಸ್ ಕೋಲ್ಟ್ಸ್. ಮೂರನೇ ಪಾಳಿ ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟು ಆರನೆಯದಕ್ಕೆ ಸರಿದರು. ಅಂತರ 600 ಅಂಕ. ಪಡೆದಿದ್ದು 37ನೇ ಪಾಳಿ (530), 49ನೇ ಪಾಳಿ (410), ಮತ್ತೆ 2019ರ ಎರಡನೇ ಸುತ್ತಿನದು. ಆರನೆಯದರಲ್ಲಿ ಕ್ವೆಂಟನ್ ನೆಲ್ಸನ್ ಸಿಕ್ಕ, ಮೊದಲ ವರ್ಷವೇ ಆಲ್-ಪ್ರೊ. 37ರಲ್ಲಿ ಬ್ರೇಡನ್ ಸ್ಮಿತ್. ತಂಡದ ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಸಾಲಿಗೆ ಇಬ್ಬರು ಒಂದೇ ವರ್ಷ ಬಂದರು. ಜೆಟ್ಸ್ ಆರಿಸಿದ ಸ್ಯಾಮ್ ಡಾರ್ನಲ್ಡ್‌ನನ್ನು ಮೂರು ಸೀಸನ್ ಮುಗಿಯುವಷ್ಟರಲ್ಲಿ ಅವರೇ ಬೇರೆ ತಂಡಕ್ಕೆ ಕಳಿಸಿಬಿಟ್ಟರು. ಆ ಹುಡುಗ ಮುಂದೆ ಬೇರೆ ಕಡೆ ಚೆನ್ನಾಗಿ ಆಡಿದ, ಅದನ್ನೂ ಹೇಳಬೇಕು.

ಪ್ರಶ್ನೆ: ಹಾಗಾದರೆ ಹಿಂದೆ ಸರಿಯುವುದೇ ಯಾವಾಗಲೂ ಜಾಣತನ ಅಲ್ವಾ? ಮತ್ತೆ ಎಲ್ಲರೂ ಯಾಕೆ ಸರಿಯುವುದಿಲ್ಲ?
(ಬ್ಯಾಂಕ್ ಉದ್ಯೋಗಿ, ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಯಾವಾಗಲೂ ಅಲ್ಲ. ಮೊದಲನೆಯದಾಗಿ, ಸರಿಯಬೇಕೆಂದರೆ ಮೇಲೆ ಬರಲು ಒಬ್ಬ ಗಿರಾಕಿ ಬೇಕು. ಗಿರಾಕಿ ಹೆಚ್ಚಾಗಿ ಬರುವುದು ಕ್ವಾರ್ಟರ್‌ಬ್ಯಾಕ್‌ಗಾಗಿ. ನಿಮಗೂ ಅವನೇ ಬೇಕಿದ್ದರೆ ಕೊಡುವುದು ಹೇಗೆ?

2017ರಲ್ಲಿ ಹತ್ತನೇ ಪಾಳಿ ಬಫಲೋ ಬಿಲ್ಸ್‌ದು. ಅವರು ಅದನ್ನು ಕನ್ಸಾಸ್ ಸಿಟಿ ಚೀಫ್ಸ್‌ಗೆ ಕೊಟ್ಟು 27ಕ್ಕೆ ಸರಿದರು. 91ನೇ ಪಾಳಿ ಮತ್ತು ಮುಂದಿನ ವರ್ಷದ ಮೊದಲ ಸುತ್ತಿನದು ಸಿಕ್ಕಿತು. 27ರಲ್ಲಿ ಬಂದ ಟ್ರೆಡೇವಿಯಸ್ ವೈಟ್ ಒಳ್ಳೆಯ ಆಟಗಾರನೇ. ಆದರೆ ಚೀಫ್ಸ್ ಆ ಹತ್ತರಲ್ಲಿ ಮಹೋಮ್ಸ್‌ನನ್ನು ಕರೆದರು. ಆಮೇಲೆ ಪ್ಲೇಆಫ್‌ನಲ್ಲಿ ಇದೇ ಬಿಲ್ಸ್ ತಂಡವನ್ನು ಚೀಫ್ಸ್ ಮತ್ತೆ ಮತ್ತೆ ಮನೆಗೆ ಕಳಿಸಿದರು.

ಎರಡನೆಯದು ಇನ್ನೂ ಮುಖ್ಯ. ಪಾಳಿ ಕೂಡಿಹಾಕಿದರೆ ತಂಡ ಆಗುವುದಿಲ್ಲ. 2012ರಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡ ಎರಡನೇ ಪಾಳಿಯನ್ನು ವಾಷಿಂಗ್ಟನ್‌ಗೆ ಕೊಟ್ಟಿತು. ವಾಷಿಂಗ್ಟನ್‌ಗೆ ರಾಬರ್ಟ್ ಗ್ರಿಫಿನ್ ಎಂಬ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಅದಕ್ಕೆ ಕೊಟ್ಟ ಬೆಲೆ ಆ ವರ್ಷದ ಆರನೇ ಪಾಳಿ, 39ನೇ ಪಾಳಿ, ಮತ್ತೆ 2013, 2014ರ ಮೊದಲ ಸುತ್ತಿನ ಪಾಳಿಗಳು. ಗ್ರಿಫಿನ್ ಮೊದಲ ವರ್ಷ ಮಿಂಚಿದ, ಮೊಣಕಾಲಿಗೆ ಪೆಟ್ಟಾಯಿತು, ಮತ್ತೆ ಮೊದಲಿನಂತೆ ಆಗಲಿಲ್ಲ. 2014ರ ಡಿಸೆಂಬರ್‌ನಲ್ಲಿ ಎರಡೂ ತಂಡ ವಾಷಿಂಗ್ಟನ್ ಮೈದಾನದಲ್ಲಿ ಎದುರಾದವು. ಟಾಸ್‌ಗೆ ರ‍್ಯಾಮ್ಸ್ ಕೋಚ್ ಜೆಫ್ ಫಿಶರ್ ಕಳಿಸಿದ್ದು ಮಾಮೂಲಿ ನಾಯಕರನ್ನಲ್ಲ. ಆ ವ್ಯವಹಾರದಿಂದ ಬಂದ ಪಾಳಿಗಳಲ್ಲಿ ತಂಡ ಸೇರಿದ ಆರು ಹುಡುಗರು ಒಟ್ಟಿಗೆ ಮೈದಾನದ ನಡುವಿಗೆ ನಡೆದು ಹೋದರು. ಎದುರಾಳಿಗೆ ಬಾಯಿಬಿಟ್ಟು ಒಂದು ಮಾತೂ ಹೇಳಬೇಕಾಗಲಿಲ್ಲ. ಪಂದ್ಯ 24-0, ರ‍್ಯಾಮ್ಸ್ ಗೆದ್ದಿತು.

ಇಷ್ಟು ಕೇಳಿದರೆ ರ‍್ಯಾಮ್ಸ್ ಎಲ್ಲಿಗೋ ಹೋಗಿರಬೇಕು ಅನಿಸುತ್ತದೆ. 2012ರಿಂದ 2016ರವರೆಗೆ ಸೋಲಿಗಿಂತ ಗೆಲುವು ಹೆಚ್ಚಿದ್ದ ಸೀಸನ್ ಅವರಿಗೆ ಒಂದೂ ಸಿಗಲಿಲ್ಲ. ಅಷ್ಟು ಪಾಳಿಗಳಲ್ಲಿ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಬರಲಿಲ್ಲ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕೂಡ 2016ರಲ್ಲಿ ಎರಡರಿಂದ ಎಂಟಕ್ಕೆ, ಎಂಟರಿಂದ ಹದಿನೈದಕ್ಕೆ ಇಳಿದರು. ಆ ವರ್ಷ 16ರಲ್ಲಿ ಒಂದು ಗೆಲುವು, ಮರುವರ್ಷ ಅದೂ ಇಲ್ಲ. ಸಿಕ್ಕಿದ ಪಾಳಿಯಲ್ಲಿ ಯಾರನ್ನು ಕರೆಯಬೇಕೆಂದು ಊರೂರು ಅಲೆದು ನೋಡಿಕೊಂಡು ಬಂದ ಜನ ಇರಬೇಕು. ಅದಿಲ್ಲದಿದ್ದರೆ ಹತ್ತು ಪಾಳಿಯಿದ್ದರೂ ಅಷ್ಟೇ.

ಪ್ರಶ್ನೆ: ಆ ಹುಡುಗರನ್ನು ಯಾರೂ ಕೇಳುವುದೇ ಇಲ್ಲವೇ?
(ನಿವೃತ್ತ ಶಿಕ್ಷಕಿ, ಗದಗ)

ಉತ್ತರ: ಇಲ್ಲ, ಕೇಳುವುದಿಲ್ಲ. ಕರೆದ ತಂಡಕ್ಕೆ ಹೋಗಬೇಕು. ಹಟ ಹಿಡಿದವರು ಅಪರೂಪ. 2004ರಲ್ಲಿ ಈಲೈ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್ ಸ್ಯಾನ್ ಡಿಯೇಗೋ ತಂಡಕ್ಕೆ ಬರುವುದಿಲ್ಲ ಎಂದ. ಅವರು ಅವನನ್ನೇ ಮೊದಲು ಕರೆದು, ಅದೇ ದಿನ ನ್ಯೂಯಾರ್ಕ್ ಜೈಂಟ್ಸ್‌ಗೆ ಕೊಟ್ಟು, ಫಿಲಿಪ್ ರಿವರ್ಸ್ ಎಂಬ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಜೊತೆಗೆ ಪಾಳಿಗಳನ್ನೂ ಪಡೆದರು. ಮಕ್ಕಳ ಮಾತಿಗೂ ಬೆಲೆ ಇರಬೇಕು ಎಂಬ ನಿಮ್ಮ ಕಳಕಳಿ ನನ್ನದೂ ಹೌದು, ಬಾಯಾರೇ.

ಪ್ರಶ್ನೆ: ನಮ್ಮ ಕಾಲೊನಿಯಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ಇದೆ. ಆರು ತಂಡ, ತಂಡಕ್ಕೆ ಹತ್ತು ಹುಡುಗರು, ಆಡುವುದು ಎಂಟು ಜನ, ಎಂಟು ಓವರ್. ಚೀಟಿ ಎತ್ತಿ ಪಾಳಿ ಹಚ್ಚಿದ್ದೇವೆ, ಪ್ರತಿ ಸುತ್ತೂ ಅದೇ ಕ್ರಮ. ನನಗೆ ಮೊದಲ ಪಾಳಿ ಬಂದಿದೆ. ಡಿವಿಜನ್ ಕ್ರಿಕೆಟ್ ಆಡುವ ಒಬ್ಬ ಹುಡುಗನಿದ್ದಾನೆ, ಉಳಿದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಒಂದೇ. ನಾಲ್ಕನೇ ಪಾಳಿಯ ನಾಯಕ ತನ್ನ 4 ಮತ್ತು 10 ಕೊಡುತ್ತೇನೆ, ನಿನ್ನ ಮೊದಲನೆಯದು ಕೊಡು ಎನ್ನುತ್ತಿದ್ದಾನೆ. ಕೊಡಲೇ?
(ನವನಗರ, ಹುಬ್ಬಳ್ಳಿ)

ಉತ್ತರ: ತಮ್ಮಾ, ಮೊದಲು ಒಂದು ಮಾತು ಖಚಿತ ಮಾಡಿಕೊ. ಒಬ್ಬ ಬೌಲರ್‌ಗೆ ಎಷ್ಟು ಓವರ್? ಮಿತಿ ಇಲ್ಲದಿದ್ದರೆ ಆ ಹುಡುಗ ನಾಲ್ಕು ಓವರ್ ಹಾಕುತ್ತಾನೆ, ಆಮೇಲೆ ಬ್ಯಾಟೂ ಹಿಡಿಯುತ್ತಾನೆ. ಅಂಥವನನ್ನು ಬಿಡಬೇಡ. ಎನ್‌ಎಫ್‌ಎಲ್ ತಂಡದಲ್ಲಿ 53 ಜನ. ದಾಳಿಗೆ ಹನ್ನೊಂದು, ರಕ್ಷಣೆಗೆ ಬೇರೆ ಹನ್ನೊಂದು. ಅಲ್ಲಿ ಒಬ್ಬನ ಪಾಲು ಚಿಕ್ಕದು, ಹಾಗಾಗಿ ಪಾಳಿ ಜಾಸ್ತಿ ಇದ್ದಷ್ಟೂ ಲಾಭ. ಎಂಟು ಜನರ ಆಟದಲ್ಲಿ ಒಬ್ಬನ ಪಾಲು ದೊಡ್ಡದು.

ಎರಡೇ ಓವರ್ ಎಂಬ ಮಿತಿ ಇದ್ದರೆ ಕೊಡು. ಉಳಿದ ಆರು ಓವರ್ ಬೇರೆಯವರೇ ಹಾಕಬೇಕಲ್ಲ? ಆದರೆ ಲೆಕ್ಕ ಸರಿ ಇರಬೇಕು. ಎರಡು ತೆಗೆದುಕೊಂಡರೆ ಎರಡು ಕೊಡಬೇಕು, ಇಲ್ಲದಿದ್ದರೆ ಒಬ್ಬರಿಗೆ ಹನ್ನೊಂದು, ಇನ್ನೊಬ್ಬರಿಗೆ ಒಂಬತ್ತು ಹುಡುಗರಾಗುತ್ತಾರೆ. 1 ಮತ್ತು ನಿನ್ನ ಕಡೆಯ ಪಾಳಿ 55 ಕೊಟ್ಟು, ಅವನ 4 ಮತ್ತು 10 ತೆಗೆದುಕೊ. ಆಗ ನಿನ್ನ ಕೈಯಲ್ಲಿ 4, 7, 10, 13. ಅವನು ಮೊದಲನೆಯವನನ್ನು ಕರೆದ ಮೇಲೆ 16ರವರೆಗೆ ಸುಮ್ಮನೆ ಕೂರಬೇಕು. ನಿನ್ನ ನಾಲ್ವರಲ್ಲಿ ಇಬ್ಬರಾದರೂ ಬೌಲರ್‌ಗಳಿರಲಿ.

ಸಮಿತಿಯವರಿಗೆ ಆಯ್ಕೆ ಶುರುವಾಗುವ ಮೊದಲೇ ಹೇಳು, ಎರಡೂ ನಾಯಕರ ಸಹಿ ಹಾಕಿದ ಚೀಟಿ ಅವರ ಕೈಗೆ ಕೊಡು. ನಡುವೆ ಹೇಳಿದರೆ ಜಗಳ ಗ್ಯಾರಂಟಿ. ಅದಕ್ಕೂ ಮೊದಲು ಈ ವಾರ ಸಂಜೆ ಮೈದಾನಕ್ಕೆ ಹೋಗಿ ಕೂತು, ಮೊದಲ ಮೂವರನ್ನು ಬಿಟ್ಟು ನಾಲ್ಕರಿಂದ ಹದಿನಾರರವರೆಗಿನ ಹೆಸರುಗಳನ್ನು ನಿನ್ನ ಕೈಯಾರೆ ಬರೆದುಕೊ. ಯಾರು ಯಾರ್ಕರ್ ಹಾಕುತ್ತಾನೆ, ಯಾರ ಕೈಯಿಂದ ಕ್ಯಾಚ್ ಜಾರುವುದಿಲ್ಲ, ಯಾರು ಭಾನುವಾರ ಖಂಡಿತ ಬರುತ್ತಾನೆ, ಅದನ್ನೂ ಹೆಸರಿನ ಮುಂದೆ ಬರೆ. ಫಲಿತಾಂಶ ತಪ್ಪದೆ ತಿಳಿಸು.