ಧ್ವನಿಪೆಟ್ಟಿಗೆ ಉಳಿದರೆ ಸಾಲದು, ಅದು ಕೆಲಸ ಮಾಡಬೇಕು

ತಂದೆಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಮೂರನೇ ಹಂತ. ಒಬ್ಬ ಡಾಕ್ಟರ್ ಆಪರೇಷನ್ ಅಂದರು, ಇನ್ನೊಬ್ಬರು ಕೀಮೋ ಮತ್ತು ರೇಡಿಯೇಶನ್ ಒಟ್ಟಿಗೆ ಕೊಟ್ಟರೆ ಮಾತು ಉಳಿಯುತ್ತದೆ ಅಂದರು, ಯಾರ ಮಾತು ಕೇಳಲಿ ಅಂತ ಬರೆದಿದ್ದೀರಿ. ನಾನು ಬೆಂಗಳೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಎರಡೂ ದಾರಿಯಲ್ಲಿ ಹೋದವರು ನನ್ನ ಹತ್ತಿರ ಬರುತ್ತಾರೆ.

ಇಬ್ಬರು ಡಾಕ್ಟರೂ ಹೇಳಿದ್ದಕ್ಕೆ ಆಧಾರ ಇದೆ. ಹಿಂದೆ ಇಂಥ ಗಡ್ಡೆಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಿದ್ದರು. 1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ ಬಂತು: ಮೊದಲು ಕೀಮೋ, ಆಮೇಲೆ ರೇಡಿಯೇಶನ್ ಕೊಟ್ಟರೂ 2 ವರ್ಷ ಬದುಕಿದವರು ಆಪರೇಷನ್ ಮಾಡಿಸಿಕೊಂಡವರಷ್ಟೇ, ಎರಡೂ ಕಡೆ 68%. 2003ರ ಇನ್ನೊಂದು ಅಧ್ಯಯನದಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟಾಗ 2 ವರ್ಷಕ್ಕೆ 88% ಜನರ ಧ್ವನಿಪೆಟ್ಟಿಗೆ ಉಳಿದಿತ್ತು, ಬರೀ ರೇಡಿಯೇಶನ್‌ನಲ್ಲಿ 70%.

ಆದರೆ ಕತ್ತಿನೊಳಗೆ ಉಳಿಯುವುದು ಬೇರೆ, ಕೆಲಸ ಮಾಡುವುದು ಬೇರೆ. ಕ್ಯಾನ್ಸರ್ ಹೋಗಿರುತ್ತದೆ, ಮಾತೂ ಇರುತ್ತದೆ, ಆದರೆ ಒಂದು ಗುಟುಕು ನೀರು ಕುಡಿದರೂ ಕೆಮ್ಮು, ಅದು ಶ್ವಾಸಕೋಶಕ್ಕೆ ಇಳಿದು ಪದೇ ಪದೇ ನ್ಯುಮೋನಿಯಾ, ಕೊನೆಗೆ ಊಟಕ್ಕೆ ಹೊಟ್ಟೆಗೆ ಪೈಪು. ಇಂಥವರನ್ನು ನೋಡಿದಾಗ ನನಗೆ ತುಂಬಾ ಸಂಕಟ ಆಗುತ್ತದೆ. ಹಾಗಾಗಿ ಈಗಲೇ ಕೇಳಿ: ಅಪ್ಪನಿಗೆ ನೀರು ಕುಡಿದರೆ ನೆತ್ತಿಗೆ ಹತ್ತುತ್ತಾ? ಗಡ್ಡೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು (ಅದರ ಗೋಡೆಯ ಮೆತ್ತನೆ ಎಲುಬನ್ನು) ಕೊರೆದು ಆಚೆ ಬಂದಿದೆಯಾ? ಹೌದು ಅಂದರೆ ಎಷ್ಟೋ ಸಲ ಆಪರೇಷನ್ನೇ ಒಳ್ಳೆಯದು.

ಇಲ್ಲ ಅಂದರೆ ಒಟ್ಟಿಗೆ ಕೊಡುವ ಚಿಕಿತ್ಸೆಗೆ ಧೈರ್ಯವಾಗಿ ಹೋಗಿ, ಆದರೆ ತಯಾರಾಗಿ ಹೋಗಿ. ಸಾಮಾನ್ಯವಾಗಿ ರೇಡಿಯೇಶನ್ 35 ಸಿಟ್ಟಿಂಗ್, ವಾರಕ್ಕೆ 5 ದಿನ, ಸುಮಾರು 7 ವಾರ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ದೂರದ ಊರಿಂದ ಬರುವವರು ಉಳಿದುಕೊಳ್ಳಲು ಜಾಗ ನೋಡಿಕೊಂಡೇ ಶುರು ಮಾಡಬೇಕು, ನಡುವೆ ಬಿಟ್ಟರೆ ಫಲ ಕಡಿಮೆ ಆಗುತ್ತದೆ. ಇದರಲ್ಲಿ ಸಾಮಾನ್ಯವಾಗಿ ಕೊಡುವ ಕೀಮೋ ಔಷಧಿ ಸಿಸ್ಪ್ಲಾಟಿನ್ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಹುದು, ಅದಕ್ಕೇ ರಕ್ತ ಮತ್ತು ಕಿವಿ ಪರೀಕ್ಷೆ ಮೊದಲೇ ಆಗಲಿ. ಹಾಳಾದ ಹಲ್ಲನ್ನು ರೇಡಿಯೇಶನ್‌ಗೆ ಮುಂಚೆಯೇ ಕೀಳಿಸಿ. ಆಮೇಲೆ ಕಿತ್ತರೆ ದವಡೆಯ ಗಾಯ ಮಾಯುವುದು ಕಷ್ಟ. ಬೀಡಿ, ಸಿಗರೇಟು ಇವತ್ತೇ ನಿಲ್ಲಬೇಕು.

ನುಂಗುವ ವ್ಯಾಯಾಮ ಮೊದಲ ಸಿಟ್ಟಿಂಗ್‌ಗೆ ಮುಂಚೆಯೇ ಶುರುವಾಗಬೇಕು. ಬಹಳ ಜನ ನೋವು ಬಂದ ಮೇಲೆ ನಮ್ಮ ಹತ್ತಿರ ಕಳಿಸುತ್ತಾರೆ, ಅಷ್ಟು ಹೊತ್ತಿಗೆ ಬಾಯಿ ತೆರೆಯುವುದೇ ಕಷ್ಟ. ಮೂಗಿನ ಪೈಪು ಹಾಕಿದರೂ, ಥೆರಪಿಸ್ಟ್ ನೋಡಿ ಸರಿ ಅಂದರೆ, ದಿನಾ ಸ್ವಲ್ಪ ಗಂಜಿಯನ್ನೋ ಮೆತ್ತಗಿನ ಮೊಸರನ್ನವನ್ನೋ ಬಾಯಿಂದಲೇ ಕೊಡಿ. ಬಳಸದ ಗಂಟಲು ಬಿಗಿಯಾಗುತ್ತದೆ.

ಆಪರೇಷನ್ನೇ ಆಗಬೇಕಾದರೂ ಮಾತು ಮುಗಿಯಿತು ಅಂದುಕೊಳ್ಳಬೇಡಿ. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಸಣ್ಣ ವಾಲ್ವ್ ಕೂರಿಸುತ್ತಾರೆ, ಅದರಿಂದ ಮಾತಾಡುವವರನ್ನು ನಾನೇ ತಯಾರು ಮಾಡುತ್ತೇನೆ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಇಂಥದ್ದೇ ಒಂದು ಸಾಧನವನ್ನು ತೀರಾ ಕಡಿಮೆ ಬೆಲೆಗೆ ರೂಪಿಸಿದ್ದಾರೆ.

ಒಪ್ಪಿಗೆಗೆ ಸಹಿ ಹಾಕುವ ಮುಂಚೆ ಸರ್ಜನ್, ರೇಡಿಯೇಶನ್ ಮತ್ತು ಕೀಮೋ ಡಾಕ್ಟರ್ ಒಟ್ಟಿಗೆ ಕೂತು ನೋಡುವ ಟ್ಯೂಮರ್ ಬೋರ್ಡ್‌ಗೆ ಕೇಸ್ ಕಳಿಸಲು ಕೇಳಿ.