ಕಣ್ಣು ಕಾಣದ ಜರ್ಮನ್ ಆರ್ಗನ್ ವಾದಕ ಹೆಲ್ಮುಟ್ ವಾಲ್ಖಾ, ಹದಿನೆಂಟನೇ ಶತಮಾನದ ಸಂಗೀತಕಾರ ಬಾಖ್‌ನ ಆರ್ಗನ್ ಕೃತಿಗಳನ್ನು ಕಲಿತದ್ದು ಹೇಗೆ?

ಕೇಳಿಯೇ ಕಲಿತರು, ಆದರೆ ಇಡೀ ಕೃತಿಯನ್ನು ಒಟ್ಟಿಗೆ ಕೇಳಿ ಅಲ್ಲ. ಆರ್ಗನ್ ಎಂದರೆ ಕೊಳವೆಗಳಲ್ಲಿ ಗಾಳಿ ಹಾಯಿಸಿ ಕೈ ಕಾಲು ಎರಡರಿಂದಲೂ ನುಡಿಸುವ ದೊಡ್ಡ ವಾದ್ಯ. ಬಾಖ್‌ನ ಫ್ಯೂಗ್‌ನಲ್ಲಿ, ಅಂದರೆ ಒಂದೇ ಸ್ವರಗುಚ್ಛವನ್ನು ಸಾಲುಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆಯಲ್ಲಿ, ಮೂರು ನಾಲ್ಕು ಸ್ವರಸಾಲುಗಳು ಏಕಕಾಲಕ್ಕೆ ಓಡುತ್ತಿರುತ್ತವೆ. ಎರಡು ಕೈಗೆ ಕೆಲವು, ಕಾಲಿನ ಪೆಡಲ್‌ಗೆ ಒಂದು. ಬೇರೆಯವರು, ಮೊದಮೊದಲು ತಾಯಿ, ಆಮೇಲೆ ಹೆಂಡತಿ ಮತ್ತು ಶಿಷ್ಯರು, ಒಂದೊಂದೇ ಸಾಲನ್ನು ಬಿಡಿಬಿಡಿಯಾಗಿ ನುಡಿಸಿ ಕೇಳಿಸುತ್ತಿದ್ದರು. ಪ್ರತಿ ಸಾಲೂ ಬಾಯಿಪಾಠವಾದ ಮೇಲೆ ವಾಲ್ಖಾ ಅವನ್ನು ತಲೆಯಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಅವರ ವಾದನದಲ್ಲಿ ನಡುವಿನ ಸಾಲು ಕೂಡ ಎಲ್ಲೂ ಮಸುಕಾಗದೆ ಕೇಳುವುದಕ್ಕೆ ಇದೇ ಕಾರಣ ಅಂತ ನನ್ನ ಅನಿಸಿಕೆ. (ಕೆಲವರಿಗೆ ಅದು ತೀರಾ ಕಟ್ಟುನಿಟ್ಟು ಅನಿಸುತ್ತದೆ, ಅದೂ ಸುಳ್ಳಲ್ಲ.)

ಹುಟ್ಟಿದ್ದು 1907ರಲ್ಲಿ, ಜರ್ಮನಿಯ ಲೈಪ್ಝಿಗ್‌ನಲ್ಲಿ. ಹದಿಹರೆಯದಲ್ಲೇ ದೃಷ್ಟಿ ಪೂರ್ತಿ ಹೋಯಿತು. ಬಾಖ್ ಸ್ವತಃ ದುಡಿದಿದ್ದ ಸೇಂಟ್ ಥಾಮಸ್ ಚರ್ಚ್‌ನಲ್ಲಿ ಸಹಾಯಕರಾಗಿದ್ದು, 1929ರಲ್ಲಿ ಫ್ರಾಂಕ್‌ಫರ್ಟ್‌ಗೆ ಹೋದರು. ಅಲ್ಲಿನ ಡ್ರೈಕ್ಯೋನಿಗ್ ಚರ್ಚ್‌ನಲ್ಲಿ 1946ರಿಂದ 1981ರವರೆಗೆ ಆರ್ಗನ್ ವಾದಕರು. ಜೊತೆಗೆ ಸಂಗೀತ ಕಾಲೇಜಿನಲ್ಲಿ ಪಾಠ.

ಬಾಖ್‌ನ ಆರ್ಗನ್ ಕೃತಿಗಳನ್ನು ಎರಡು ಸಲ ಧ್ವನಿಮುದ್ರಿಸಿದರು. ಮೊದಲ ಸಲ 1947ರಲ್ಲಿ ಶುರು, ಮೋನೊ. ಎರಡನೆಯದು ಸ್ಟೀರಿಯೊ. ಹೊಸಬರು ನೆದರ್ಲೆಂಡ್ಸ್‌ನ ಆಲ್ಕ್‌ಮಾರ್ ಊರಿನ ಚರ್ಚ್‌ನ ಹಳೆಯ ಆರ್ಗನ್ ಮೇಲೆ ನುಡಿಸಿದ ಸ್ಟೀರಿಯೊ ಮುದ್ರಣದಿಂದ ಆರಂಭಿಸಿ. ಹೆಡ್‌ಫೋನ್ ಹಾಕಿಕೊಂಡು ಪೆಡಲ್ ಸಾಲನ್ನಷ್ಟೇ ಹಿಂಬಾಲಿಸಿ ನೋಡಿ.