ಬೀರುವಿನೊಳಗಿನ ರಿವಾಲ್ವರ್ ಯಾರನ್ನು ಕಾಯುತ್ತದೆ?

ಓದುಗರ ಪತ್ರ:

"ಬ್ಯಾಂಕಿನಿಂದ ನಿವೃತ್ತನಾಗಿ ಮೂರು ವರ್ಷವಾಯಿತು. ಸ್ವಂತ ಮನೆ. ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಹೋದ ತಿಂಗಳು ನಮ್ಮ ಹಿಂದಿನ ಬೀದಿಯಲ್ಲಿ ಬೀಗ ಒಡೆದು ಕಳ್ಳತನವಾಯಿತು. ಅವತ್ತಿನಿಂದ ನನ್ನ ಹೆಂಡತಿಗೆ ಸರಿಯಾಗಿ ನಿದ್ದೆ ಇಲ್ಲ. ಲೈಸೆನ್ಸ್ ಮಾಡಿಸಿ ಒಂದು ಹ್ಯಾಂಡ್‌ಗನ್ ಇಟ್ಟುಕೊಳ್ಳೋಣ ಅಂತಿದ್ದೇನೆ. ಭಾನುವಾರ ಗುರಿ ಅಭ್ಯಾಸಕ್ಕೂ ಅದೇ ಆಗಬೇಕು. ಮೊದಲ ಸಲ ಕೊಳ್ಳುವವನಿಗೆ ರಿವಾಲ್ವರ್ ಒಳ್ಳೆಯದೋ, ಪಿಸ್ತೂಲ್ ಒಳ್ಳೆಯದೋ? ಯೂಟ್ಯೂಬ್‌ನಲ್ಲಿ ಎಲ್ಲರೂ 9 ಎಂಎಂ ಅನ್ನುತ್ತಾರೆ. ನೀವು ಶೂಟಿಂಗ್ ಬಗ್ಗೆ ಆಗಾಗ ಬರೆಯುತ್ತೀರಿ, ಅದಕ್ಕೇ ಕೇಳಿದೆ."
– ಹೆಸರು ಹಾಕಬೇಡಿ ಎಂದ ಓದುಗರು, ವಿದ್ಯಾರಣ್ಯಪುರ, ಬೆಂಗಳೂರು

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಅಚ್ಚುಕಟ್ಟಾಗಿ, ಗೆರೆ ಎಳೆದ ಹಾಳೆಯಲ್ಲಿ, ಕೈಬರಹದಲ್ಲಿ ಪತ್ರ ಬರೆಯುವವರು ಈಗ ಎಷ್ಟು ಜನ ಇದ್ದಾರೆ? ಅದಕ್ಕೇ ಈ ಸಲ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕಿಟ್ಟು ನಿಮ್ಮೊಬ್ಬರಿಗೇ ಇಷ್ಟು ಜಾಗ ಕೊಟ್ಟಿದ್ದೇನೆ. ಹಾಗಂತ ಬೈಯದೆ ಬಿಡುತ್ತೇನೆ ಅಂದುಕೊಳ್ಳಬೇಡಿ.

ಮೊದಲು ಕೇಳಿದ್ದಕ್ಕೆ ಉತ್ತರ. ಯೂಟ್ಯೂಬ್‌ನ 9 ಎಂಎಂ ಮರೆತುಬಿಡಿ. ಅದು ಅಮೆರಿಕದವರ ಮಾತು. ನಮ್ಮಲ್ಲಿ ಅದು ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ), ಪೊಲೀಸರ ಮತ್ತು ಸೇನೆಯ ಕೈಯಲ್ಲಿರುವಂಥದ್ದು. ಸಾಮಾನ್ಯ ಲೈಸೆನ್ಸ್ ಮೇಲೆ ನಿಮಗೆ ಸಿಗುವುದು ಹೆಚ್ಚಾಗಿ .32 ಬೋರ್. ಇದರಲ್ಲೂ ಒಂದು ಗೊಂದಲ ಇದೆ. .32 ರಿವಾಲ್ವರ್‌ನ ತೋಟಾ ಬೇರೆ, .32 ಪಿಸ್ತೂಲ್‌ನ ತೋಟಾ ಬೇರೆ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಹೊಸಬರಿಗೆ ರಿವಾಲ್ವರ್ ಸುಲಭ ಅನ್ನುವುದು ಹಳಬರ ಮಾತು, ಅದರಲ್ಲಿ ಅರ್ಥವಿದೆ. ತೋಟಾ ಕೂರುವ ಉರುಳೆ ಹೊರಗೆ ತೆಗೆದರೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಪಿಸ್ತೂಲ್ ಹಾಗಲ್ಲ. ತೋಟಾ ತುಂಬಿಡುವ ಡಬ್ಬಿ, ಅಂದರೆ ಮ್ಯಾಗಜೀನ್, ಹೊರಗೆ ತೆಗೆದಿಟ್ಟು "ಖಾಲಿ" ಅಂದುಕೊಂಡರೂ ನಳಿಗೆಯ ಹಿಂದೆ ಒಂದು ತೋಟಾ ಕೂತಿರಬಹುದು. ಎಷ್ಟೋ ಮನೆಗಳಲ್ಲಿ ಅನಾಹುತ ಆಗಿರುವುದು ಆ ಒಂದರಿಂದ. (ನನಗೆ ನಲವತ್ತು ವರ್ಷ ಮ್ಯಾಗಜೀನ್ ಅಂದರೆ ತಿಂಗಳಿಗೊಮ್ಮೆ ಅಚ್ಚಾಗುವುದು ಮಾತ್ರ. ಅದರಲ್ಲೂ ಖಾಲಿ ಅಂದುಕೊಂಡ ಪುಟದಲ್ಲೇ ತಪ್ಪು ಇರುತ್ತದೆ, ಆ ಮಾತು ಬೇರೆ.)

ಲೈಸೆನ್ಸ್ ಬೇಕಾದರೆ ಬೆಂಗಳೂರು ನಗರದಲ್ಲಿ ಪೊಲೀಸ್ ಕಮಿಷನರಿಗೆ ಅರ್ಜಿ ಹಾಕಬೇಕು, ಜಿಲ್ಲೆಗಳಲ್ಲಿ ಡಿಸಿಗೆ. ವೈದ್ಯರ ಸರ್ಟಿಫಿಕೇಟು, ತರಬೇತಿಯ ಸರ್ಟಿಫಿಕೇಟು, ಠಾಣೆಯಿಂದ ವಿಚಾರಣೆ. ನಿಮಗೆ ಯಾಕೆ ಬೇಕು ಅಂತ ಕೇಳುತ್ತಾರೆ. "ಹಿಂದಿನ ಬೀದಿಯಲ್ಲಿ ಕಳ್ಳತನವಾಯಿತು" ಅನ್ನುವುದು ಸಾಕಾಗದೇ ಇರಬಹುದು. ಸಾಕಾದರೆ, ನೀವು ಕಾನೂನಿಗೆ ತಲೆಬಾಗುವ ಮನುಷ್ಯರು, ಕೊಳ್ಳಬೇಡಿ ಅನ್ನಲು ನಾನು ಯಾರು? ಒಂಟಿ ತೋಟದ ಮನೆಯಲ್ಲಿರುವವರು, ನಿಜವಾದ ಬೆದರಿಕೆ ಇರುವವರು, ಕಾಡುಹಂದಿ ಕಾಟಕ್ಕೆ ಬೆಳೆ ಕಾಯುವ ರೈತರು, ಇವರ ವಿಷಯ ಬೇರೆ. ಅಷ್ಟನ್ನು ಒಪ್ಪಿದೆ. ಈಗ ನನ್ನ ಮಾತು.

ರಾತ್ರಿ ಎರಡು ಗಂಟೆಗೆ ನಿಮ್ಮ ರಿವಾಲ್ವರ್ ಎಲ್ಲಿರುತ್ತದೆ? ಜವಾಬ್ದಾರಿ ಇರುವವರಾದ್ದರಿಂದ ಗೋದ್ರೇಜ್ ಬೀರುವಿನ ಲಾಕರ್‌ನಲ್ಲಿ ಇಡುತ್ತೀರಿ. ತೋಟಾ ಬೇರೆ ಕಡೆ ಇಡುತ್ತೀರಿ, ಹಾಗೇ ಇಡಬೇಕು. ಬೀರುವಿನ ಕೀ ಹೆಂಡತಿಯ ದಿಂಬಿನ ಕೆಳಗೆ. ಕನ್ನಡಕ ಟಿವಿ ಪಕ್ಕ. ಅಡುಗೆಮನೆಯಲ್ಲಿ ಸದ್ದಾಯಿತು. ಈಗ ಲೆಕ್ಕ ಹಾಕಿ. ಇಲ್ಲ ಸಾರ್, ದಿಂಬಿನ ಪಕ್ಕದಲ್ಲೇ ತುಂಬಿ ಇಡುತ್ತೇನೆ ಅಂತೀರಾ? ಹಾಗಾದರೆ ರಜೆಗೆ ಬಂದ ಮೊಮ್ಮಗ ಅದನ್ನು ಎಷ್ಟು ಹೊತ್ತಿನಲ್ಲಿ ಹುಡುಕುತ್ತಾನೆ ಅನ್ನುವುದನ್ನೂ ಲೆಕ್ಕ ಹಾಕಿ. ಬೇಗ ಕೈಗೆ ಸಿಗುವ ಹಾಗೆ ಇಟ್ಟರೆ ಎಲ್ಲರ ಕೈಗೂ ಸಿಗುತ್ತದೆ. ಯಾರಿಗೂ ಸಿಗದ ಹಾಗೆ ಇಟ್ಟರೆ ನಿಮಗೂ ಸಿಗುವುದಿಲ್ಲ.

ನಮ್ಮ ಸೋದರಮಾವನ ಮನೆ ತೀರ್ಥಹಳ್ಳಿ ಕಡೆ. ಅವರ ಹತ್ತಿರ ಜೋಡುನಳಿಗೆಯ ತೋಟಾ ಕೋವಿ ಇತ್ತು. ಈಡು ಹೊಡೆಯುವುದರಲ್ಲಿ ಊರಿಗೇ ಹೆಸರು. ಒಂದು ಮಳೆಗಾಲದ ರಾತ್ರಿ ಕೊಟ್ಟಿಗೆಯಲ್ಲಿ ಏನೋ ಸದ್ದಾಯಿತು. ಮಾವ ಎದ್ದು, ಕೋವಿ ಹಿಡಿದು, ಕತ್ತಲಲ್ಲಿ ಕಪ್ಪಗೆ ಅಲ್ಲಾಡಿದ್ದರ ಕಡೆ ಕುದುರೆ (ಟ್ರಿಗರ್) ಎಳೆದರು. ಬೆಳಕು ತಂದು ನೋಡಿದರೆ ಹಗ್ಗ ಬಿಚ್ಚಿಕೊಂಡು ಓಡಾಡುತ್ತಿದ್ದ ನಮ್ಮದೇ ಕರು. ಅತ್ತೆ ಮೂರು ದಿನ ಮಾತಾಡಲಿಲ್ಲ. ಮಾವ ಆ ವರ್ಷ ಆಯುಧಪೂಜೆಗೂ ಕೋವಿ ಹೊರಗೆ ತೆಗೆಯಲಿಲ್ಲ. ನಲವತ್ತು ವರ್ಷ ಕೋವಿ ಹಿಡಿದ ಕೈ ಅದು. ನಿಮ್ಮದು ನಲವತ್ತು ವರ್ಷ ಲೆಡ್ಜರ್ ಬರೆದ ಕೈ. ಮಧ್ಯರಾತ್ರಿ ನೀರು ಕುಡಿಯಲು ಎದ್ದವರು ಯಾರು, ಕಳ್ಳ ಯಾರು ಅಂತ ಕತ್ತಲಲ್ಲಿ ಹೇಗೆ ಗೊತ್ತಾಗುತ್ತದೆ?

ನನ್ನ ಕಸುಬಿನವರಿಗೆ ಈ ವಿಷಯ ಬರೀ ವಾದವಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದು ಅವರ ಮನೆಯ ಬಾಗಿಲಲ್ಲಿ. 2017ರ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಕೊಂದದ್ದು ರಾಜರಾಜೇಶ್ವರಿ ನಗರದಲ್ಲಿ, ಅವರ ಮನೆಯ ಮುಂದೆ. ಎರಡಕ್ಕೂ ಬಳಸಿದ್ದು 7.65 ಎಂಎಂ ನಾಡಪಿಸ್ತೂಲ್ ಅಂತ ತನಿಖೆ ಹೇಳಿತು. ಲೈಸೆನ್ಸ್ ಮೇಲೆ ನಿಮಗೆ ಸಿಗುವ .32 ಪಿಸ್ತೂಲ್‌ನ ಅಳತೆಯೂ ಅದೇ. ಆ ದಿನಗಳಲ್ಲಿ ನನಗೂ ಕೆಲವು ಗೆಳೆಯರು "ನೀನೂ ಒಂದು ಲೈಸೆನ್ಸ್ ಮಾಡಿಸಿಕೋ" ಅಂದರು. ಗೌರಿ ಆಫೀಸಿನಿಂದ ಬಂದು ಇನ್ನೂ ಮನೆಯೊಳಗೆ ಹೋಗಿರಲಿಲ್ಲ. ಒಳಗೆ ಬೀರುವಿನಲ್ಲಿ ಏನಿದ್ದರೆ ಏನು? ನಾನು ಅರ್ಜಿ ಹಾಕಲಿಲ್ಲ.

ಕಾನೂನಿನ ಮಾತೂ ಇರಲಿ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ ಪ್ರಕಾರ, ಕತ್ತಲಾದ ಮೇಲೆ ಮನೆಗೆ ಕನ್ನ ಹಾಕಿದವನ ಎದುರು ಆತ್ಮರಕ್ಷಣೆಯ ಹಕ್ಕು ದೊಡ್ಡದೇ. ಇದನ್ನು ಓದಿ ನಿಮಗೆ ಧೈರ್ಯ ಬಂದಿರುತ್ತದೆ. ಆದರೆ ಅದಕ್ಕೂ ಮುಂಚೆ 37ನೇ ಕಲಂ ಕೂತಿದೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಜಾಸ್ತಿ ಹಾನಿ ಮಾಡುವ ಹಾಗಿಲ್ಲ ಅನ್ನುತ್ತದೆ ಅದು. ಕಳ್ಳ ಕಾಂಪೌಂಡ್ ಹಾರಿ ಓಡುತ್ತಿದ್ದಾಗ ನೀವು ಹಿಂದಿನಿಂದ ಹೊಡೆದರೆ, ಎಷ್ಟು ಬೇಕಿತ್ತು ಅನ್ನುವುದನ್ನು ವರ್ಷಗಟ್ಟಲೆ ಕೋರ್ಟಿನಲ್ಲಿ ವಿವರಿಸುತ್ತಾ ಇರಬೇಕಾಗುತ್ತದೆ. ಇನ್ನೊಂದು ತಮಾಷೆ. ಚುನಾವಣೆ ಬಂತೆಂದರೆ ಲೈಸೆನ್ಸ್ ಇದ್ದವರು ಬಂದೂಕು ಠಾಣೆಗೆ ಒಪ್ಪಿಸಿ ಅಂತ ಆದೇಶ ಬರುತ್ತದೆ. ಕಳ್ಳರಿಗೆ ನೀತಿಸಂಹಿತೆ ಇಲ್ಲವಲ್ಲ!

ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 1993ರಲ್ಲಿ ಕೆಲ್ಲರ್‌ಮನ್ ಮತ್ತು ಜೊತೆಗಾರರ ಒಂದು ಅಧ್ಯಯನ ಬಂತು. ಬಂದೂಕು ಇರುವ ಮನೆಗಳಲ್ಲಿ ಮನೆಯವರೇ ಕೊಲೆಯಾಗುವ ಸಾಧ್ಯತೆ ಇಲ್ಲದ ಮನೆಗಳಿಗಿಂತ 2.7 ಪಟ್ಟು ಅಂತ ಅದರ ಲೆಕ್ಕ. ಆ ಲೆಕ್ಕಕ್ಕೆ ತಕರಾರು ತೆಗೆದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ನನಗೆ ಅದರಲ್ಲಿ ಕಂಡದ್ದು ಸಂಖ್ಯೆಗಿಂತ ಹೆಚ್ಚಾಗಿ ಮನೆಯೊಳಗಿನ ಜಗಳ, ಕುಡಿತ, ಬೇಸರ. ಯಾರ ಮನೆಯಲ್ಲಿ ಕೆಟ್ಟ ದಿನ ಬರುವುದಿಲ್ಲ ಹೇಳಿ? ಆ ದಿನ ಬಂದಾಗ ಬೀರುವಿನಲ್ಲಿ ರಿವಾಲ್ವರ್ ಇರುವುದೂ ಇಲ್ಲದಿರುವುದೂ ಒಂದೇ ಅಲ್ಲ.

2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗಾಗಿ ಅಂತ 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ತಂದಿತು. ತೂಕ ಅರ್ಧ ಕೆಜಿಯ ಆಸುಪಾಸು, ಬೆಲೆ 1,22,360 ರೂಪಾಯಿ. 2012ರಲ್ಲಿ ದೆಹಲಿಯಲ್ಲಿ ಅತ್ಯಾಚಾರಕ್ಕೆ ಬಲಿಯಾದ, ಎಲ್ಲರೂ ನಿರ್ಭಯಾ ಅಂತ ಕರೆದ ಆ ಹುಡುಗಿಯ ನೆನಪಿಗೆ ಹೆಸರಿಟ್ಟರು. ಆ ಹುಡುಗಿ ಹತ್ತಿದ್ದು ಬಸ್ಸು. ಬಸ್ಸಿಗೆ ಕಾಯುವ ಹೆಂಗಸರಲ್ಲಿ ಲಕ್ಷ ರೂಪಾಯಿಯ ರಿವಾಲ್ವರ್ ಯಾರ ಬ್ಯಾಗಿನಲ್ಲಿರುತ್ತದೆ? ಬೀದಿದೀಪ ಹಾಕಿ, ರಾತ್ರಿ ಬಸ್ಸು ಬಿಡಿ ಅಂದರೆ ದುಡ್ಡಿಲ್ಲ ಅನ್ನುತ್ತಾರೆ. ರಿವಾಲ್ವರ್ ತಗೊಳ್ಳಿ ಅನ್ನುವುದು ಎಷ್ಟು ಸುಲಭ ನೋಡಿ.

ಇನ್ನು ಭಾನುವಾರದ ಗುರಿ ಅಭ್ಯಾಸ. ಆ ಸಾಲು ಓದಿದಾಗ ಮಾತ್ರ ನನಗೆ ಖುಷಿಯಾಯಿತು. ನಿಮ್ಮ ಮೊದಲ ಪಿಸ್ತೂಲ್ ಯಾವುದಾಗಬೇಕು ಅಂದರೆ ಕಣ್ಣು ಮುಚ್ಚಿ ಹೇಳುತ್ತೇನೆ, ಏರ್ ಪಿಸ್ತೂಲ್. 4.5 ಎಂಎಂ ಸೀಸದ ಪುಟ್ಟ ಗುಂಡು (ಪೆಲೆಟ್), ಗಾಳಿಯ ಒತ್ತಡ, ಹತ್ತು ಮೀಟರ್ ದೂರ. ಸ್ಪರ್ಧೆಗೆ ಬಳಸುವ ಏರ್ ಪಿಸ್ತೂಲ್‌ಗೆ ಬಂದೂಕಿನ ಲೈಸೆನ್ಸ್ ಬೇಡ, ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ ಅಷ್ಟೆ. ಸ್ಟೆಯರ್, ಮೊರಿನಿ, ಪಾರ್ಡಿನಿ ಅಂತ ಹೊರದೇಶದ್ದು ಲಕ್ಷ ದಾಟುತ್ತದೆ. ಅದನ್ನು ಈಗಲೇ ಕೊಳ್ಳಬೇಡಿ. ಮೊದಲ ಆರು ತಿಂಗಳು ಶೂಟಿಂಗ್ ಕ್ಲಬ್ಬಿನದೇ ಸಾಕು. ಹಿಡಿ ನಿಮ್ಮ ಅಂಗೈಗೆ ಕೂರುತ್ತದೋ ಇಲ್ಲವೋ ಅನ್ನುವುದು ಕೈಗೇ ಗೊತ್ತಾಗಬೇಕು, ಯೂಟ್ಯೂಬ್ ನೋಡಿ ಗೊತ್ತಾಗುವುದಿಲ್ಲ.

ನಾನು ಶುರು ಮಾಡಿದ್ದು ಐವತ್ತೆರಡನೇ ವಯಸ್ಸಿನಲ್ಲಿ. ಮೊದಲ ದಿನ ಕೋಚ್ ಒಂದು ಗಂಟೆ ಪೆಲೆಟ್ಟನ್ನೇ ಕೊಡಲಿಲ್ಲ. ನನ್ನ ಮಗಳ ವಯಸ್ಸಿನ ಹುಡುಗಿ ಅವರು. ನಳಿಗೆ ಯಾವಾಗಲೂ ಗುರಿಯ ಕಡೆಗೇ. ಬೆರಳು ಕುದುರೆಯ ಹೊರಗೆ. ಖಾಲಿ ಅಂತ ಗೊತ್ತಿದ್ದರೂ ತುಂಬಿದೆ ಅಂದುಕೊಂಡೇ ಮುಟ್ಟಬೇಕು. ಕೆಳಗಿಟ್ಟಾಗ ನಳಿಗೆಯೊಳಗೆ ಎದ್ದು ಕಾಣುವ ಬಣ್ಣದ ದಾರ ತೂರಿಸಿಟ್ಟಿರಬೇಕು. "ಸಾರ್, ಇದು ಅಭ್ಯಾಸ ಆಗುವವರೆಗೆ ಗುರಿ ಮಾತು ಬೇಡ" ಅಂದರು. ಆಮೇಲೆ ಹತ್ತು ಪೆಲೆಟ್ ಹೊಡೆದೆ. ಮೂರು ಕಾಗದಕ್ಕೇ ತಾಗಲಿಲ್ಲ.

ಗುರಿಯ ನಡುವಿನ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್ ಅಗಲ, ಒಂದು ರೂಪಾಯಿ ನಾಣ್ಯದ ಅರ್ಧದಷ್ಟು. ಅದನ್ನು ದಿಟ್ಟಿಸಿ ನೋಡಿದರೆ ಹೊಡೆಯಲಾಗುವುದಿಲ್ಲ, ಅದೇ ಇದರ ಸೋಜಿಗ. ನೋಟ ಪಿಸ್ತೂಲ್‌ನ ಮುಂದಿನ ತುದಿಯಲ್ಲಿ ಗುರಿ ಹಿಡಿಯಲೆಂದೇ ಇರುವ ಮೊನೆಯ ಮೇಲಿರಬೇಕು. ಗುರಿ ಮಸುಕಾಗಿಯೇ ಇರಬೇಕು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬೆರಳಿನ ತುದಿಯಿಂದ ಕುದುರೆಯನ್ನು ಮೆಲ್ಲಗೆ ಒತ್ತುತ್ತಾ ಹೋಗಬೇಕು. ಯಾವಾಗ ಹಾರಿತು ಅಂತ ನಿಮಗೇ ಗೊತ್ತಾಗಬಾರದು. ಕೈ ನಡುಗುತ್ತದೆ, ನಡುಗಲಿ. ನಡುಕ ನಿಲ್ಲಿಸಲು ಹೊರಟವನ ಪೆಲೆಟ್ ಎಲ್ಲೋ ಹೋಗುತ್ತದೆ. ಸ್ಪರ್ಧೆಯಲ್ಲಿ ಅರವತ್ತು ಹೊಡೆತಕ್ಕೆ 75 ನಿಮಿಷ. ಆ ಹೊತ್ತಿನಲ್ಲಿ ನನಗೆ ಮುದ್ರಣಾಲಯದ ಬಾಕಿ ಒಂದು ಸಲವೂ ನೆನಪಾಗುವುದಿಲ್ಲ.

ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲ್‌ಗೆ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದರು. ನಮ್ಮ ಓದುಗರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು? ಮನು ಭಾಕರ್ ಗೊತ್ತು, ಏಕೆಂದರೆ 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಬಂತು. ಅದಕ್ಕೆ ಮೂರು ವರ್ಷ ಮುಂಚೆ ಟೋಕಿಯೊದಲ್ಲಿ ಸ್ಪರ್ಧೆಯ ನಡುವೆ ಆಕೆಯ ಪಿಸ್ತೂಲ್ ಕೆಟ್ಟು ನಿಂತಾಗ ಕೆಲವರು ಬೈದದ್ದೂ ನೆನಪಿದೆ. ಈ ದೇಶದ ರೈಫಲ್ ಅಸೋಸಿಯೇಷನ್ 1951ರಲ್ಲಿ ಶುರುವಾದಾಗ ಅದರ ಮೊದಲ ಅಧ್ಯಕ್ಷರು ಮಾವಳಂಕರ್, ಲೋಕಸಭೆಯ ಮೊದಲ ಸ್ಪೀಕರ್. ಈಗಿನ ರಾಜಕಾರಣಿಗಳ ಸುತ್ತ ಬಂದೂಕು ಹಿಡಿದವರು ಬೇಕಾದಷ್ಟಿದ್ದಾರೆ, ಶೂಟಿಂಗ್ ರೇಂಜ್ ಕಟ್ಟಿಸಿ ಅಂದರೆ ಮಾತ್ರ ಕಿವಿ ಕೇಳಿಸುವುದಿಲ್ಲ. ರೇಂಜ್ ಹೋಗಲಿ, ನಮ್ಮ ಬಡಾವಣೆಯ ಆಟದ ಮೈದಾನದ ಅರ್ಧಕ್ಕೆ ನೀರಿನ ಟ್ಯಾಂಕ್ ಬಂತು, ಇನ್ನರ್ಧ ಪಾರ್ಕಿಂಗ್ ಆಯಿತು. ಹುಡುಗರು ಫೋನಿನಲ್ಲಿ ಬಂದೂಕಿನ ಆಟ ಆಡುತ್ತಾ ಕೂತಿದ್ದಾರೆ.

ನೀವು ಹಳೆಯ ಬೆಂಗಳೂರಿನವರಾದರೆ ಗೂರ್ಖಾ ನೆನಪಿರಬೇಕು. ರಾತ್ರಿ ಕಂಬಕ್ಕೆ ಕೋಲು ಬಡಿಯುತ್ತಾ, ಸೀಟಿ ಊದುತ್ತಾ ಹೋಗುತ್ತಿದ್ದ. ತಿಂಗಳಿಗೊಮ್ಮೆ ಗೇಟಿನ ಹತ್ತಿರ ಬಂದು ದುಡ್ಡು ಇಸಕೊಳ್ಳುತ್ತಿದ್ದ. ನಮ್ಮ ಬೀದಿಯಲ್ಲಿ ಕ್ಯಾಮೆರಾ ಹಾಕಿಸಿದ ಮೇಲೆ ಅವನನ್ನು ಬಿಡಿಸಿದರು. ಕ್ಯಾಮೆರಾ ಕಳ್ಳನನ್ನು ಚೆನ್ನಾಗಿಯೇ ಹಿಡಿದುಕೊಡುತ್ತದೆ, ಮುಖಕ್ಕೆ ಮಾಸ್ಕ್ ಸಮೇತ. ನಾನು ಹುಟ್ಟಿ ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ, ಒಂದೇ ನಲ್ಲಿ, ದಿನಾ ಜಗಳ. ಹೊಸಬನೊಬ್ಬ ಬಾಗಿಲಲ್ಲಿ ನಿಂತರೆ "ಯಾರು ಬೇಕಿತ್ತು?" ಅಂತ ಎಂಟು ಬಾಯಿ ಕೇಳುತ್ತಿದ್ದವು. ಈಗ ನಿಮ್ಮ ಪಕ್ಕದ ಮನೆಯವರ ಫೋನ್ ನಂಬರ್ ನಿಮ್ಮ ಹತ್ತಿರ ಇದೆಯೇ? ಕಳ್ಳತನವಾದ ಹಿಂದಿನ ಬೀದಿಯ ಮನೆಯವರ ಹೆಸರನ್ನೂ ನೀವು ಬರೆದಿಲ್ಲ.

ಬೈದದ್ದು ಜಾಸ್ತಿಯಾಯಿತೇನೋ. ಹಿಂಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿ. ಹಿತ್ತಲಿಗೆ ಯಾರಾದರೂ ಬಂದರೆ ತಾನೇ ಹೊತ್ತುವ ದೀಪ ಹಾಕಿಸಿ. 112ಕ್ಕೆ ಫೋನ್ ಮಾಡಿದರೆ ಪೊಲೀಸರ ಹೊಯ್ಸಳ ಗಸ್ತು ವಾಹನ ಬರುತ್ತದೆ, ಆ ನಂಬರ್ ಮಾತ್ರ ದಿಂಬಿನ ಪಕ್ಕ ಇರಲಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ, ಠಾಣೆಗೂ ತಿಳಿಸಿ. ಇದಿಷ್ಟಕ್ಕೆ ಒಂದು ರಿವಾಲ್ವರ್‌ನ ಕಾಲು ಭಾಗದ ಖರ್ಚೂ ಆಗಲಿಕ್ಕಿಲ್ಲ.

ಇನ್ನೊಂದು ಮಾತು. ಇಡೀ ಪತ್ರದಲ್ಲಿ ಬೋರ್ ಬಗ್ಗೆ ಎಂಟು ಸಾಲಿದೆ, ಇಲ್ಲಿ ಅಚ್ಚು ಹಾಕುವಾಗ ಕತ್ತರಿಸಿದ್ದೇನೆ. ಹೆಂಡತಿಗೆ ನಿದ್ದೆ ಇಲ್ಲ ಅನ್ನುವುದಕ್ಕೆ ಒಂದೇ ಸಾಲು. ಮನೆಯಲ್ಲಿ ರಿವಾಲ್ವರ್ ಬಂದರೆ ಅವರಿಗೆ ನಿದ್ದೆ ಬರುತ್ತದಾ ಅಂತ ಕೇಳಿದ್ದೀರಾ? ಕೇಳಿ ನೋಡಿ. ಆಮೇಲೆ ಪತ್ರಿಕೆಯ ಆಫೀಸಿಗೆ ಒಂದು ಫೋನ್ ಮಾಡಿ. ಬರುವ ಭಾನುವಾರ ಬೆಳಿಗ್ಗೆ ಏಳೂವರೆಗೆ ನಾನು ಕ್ಲಬ್ಬಿಗೆ ಹೋಗುತ್ತೇನೆ, ನೀವೂ ಬನ್ನಿ, ನನ್ನ ಪಿಸ್ತೂಲ್ ಕೊಡುತ್ತೇನೆ. ಅವರನ್ನೂ ಕರೆದುಕೊಂಡು ಬನ್ನಿ, ಕ್ಲಬ್ಬಿನದು ಇನ್ನೊಂದು ಇದೆ. ಪೆಲೆಟ್ ಡಬ್ಬಿ ಮಾತ್ರ ನಿಮ್ಮ ಖರ್ಚು.
– ಸಂ.